ದೊಡ್ಡಪ್ಪ ಮನೆ ನೋಡಿದ್ದು, ಅಮ್ಮ ಮೊಳೆ ಹೊಡೆದದ್ದು

ನನ್ನ ದೊಡ್ಡಪ್ಪನಷ್ಟು ಮನೆ ನೋಡಿದವರು ಕೊಡಗಿನಲ್ಲಿ ಆಗ ಇನ್ನೊಬ್ಬರಿರಲಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಆಸುಪಾಸಿನಲ್ಲಿ ನೆಲೆಸಿದ್ದ ನಮ್ಮವರು ಯಾರೇ ಮನೆ ಕೊಳ್ಳಲಿ, ಮೊದಲು ದೊಡ್ಡಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವರು ಹೋಗಿ, ನೋಡಿ, ಅಳೆದು, ಊಟ ಮಾಡಿ, ಬೇಡವೆಂದು ಹೇಳಿ ಬರುತ್ತಿದ್ದರು. ಬೇಡವೆನ್ನುವುದರಲ್ಲಿ ಅಪಾಯವಿಲ್ಲ ನೋಡಿ. ಕೊಂಡ ಮನೆ ಬಿದ್ದರೆ ಕೊಳ್ಳಲು ಹೇಳಿದವನ ತಲೆಗೆ ಬರುತ್ತದೆ. ಕೊಳ್ಳದ ಮನೆ ಬಿದ್ದರೆ 'ನಾನು ಅವತ್ತೇ ಹೇಳಿರ್ಲಿಲ್ವಾ' ಎನ್ನಬಹುದು; ಬೀಳದೆ ನಿಂತರೆ ಯಾರೂ ಬಂದು ಕೇಳುವುದಿಲ್ಲ. ಇಷ್ಟೆಲ್ಲ ತಿಳಿದಿದ್ದ ದೊಡ್ಡಪ್ಪ ಸ್ವತಃ ಬಾಡಿಗೆ ಮನೆಯಲ್ಲಿದ್ದರು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಈ ಗಡಿಯಿಂದ ಆ ಗಡಿ ಮುಟ್ಟಿಬಿಡಬಹುದು, ಅಷ್ಟೇ ರಾಜ್ಯ. ಆದರೂ ಮಡಿಕೇರಿಯಲ್ಲಿ ಸರ್ಕಾರ, ಮಂತ್ರಿಗಳು, ಮಂತ್ರಿಗಳಿಗೆ ಕಾರು, ಎಲ್ಲ ಇತ್ತು. ಅಷ್ಟು ಸಣ್ಣ ರಾಜ್ಯದಲ್ಲಿ ನಮ್ಮಪ್ಪನಿಗೆ ಒಂದು ಮನೆ ಆರಿಸಿಕೊಳ್ಳಲು ಆಗಲಿಲ್ಲವೆಂದರೆ ಅದರ ಕೀರ್ತಿ ಪೂರ್ತಿ ದೊಡ್ಡಪ್ಪನಿಗೇ ಸಲ್ಲಬೇಕು.

ಅಪ್ಪ ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಕತೆ ಕವನ ಬರೆಯುವವರೆಂದು ತಿಳಿಯಬೇಡಿ. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವವರು, ಸಂಜೆ ತೋಟದ ಬಿಳಿ ದೊರೆಯಿಂದ ಬೈಸಿಕೊಳ್ಳುವವರು. ಕೂಲಿಯವರ ಲೈನ್ ಮನೆಗಳಿಗಿಂತ ಸ್ವಲ್ಪ ಮೇಲೆ, ದೊರೆಯ ಬಂಗಲೆಗಿಂತ ಬಹಳ ಕೆಳಗೆ ನಮಗೆ ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ಬಾಗಿಲು ತೆರೆದರೆ ಎದುರಿಗೇ, ಗೋಡೆಯ ಮೇಲೆ, ಕಟ್ಟು ಹಾಕಿಸಿದ ಒಂದು ಇಂಗ್ಲಿಷ್ ನೋಟೀಸು. ಈ ಮನೆಯ ಗೋಡೆಗಳಿಗೆ ಮೊಳೆ ಹೊಡೆಯಕೂಡದು ಎಂದು ಅದರಲ್ಲಿ ಬರೆದಿತ್ತು. ಆ ನೋಟೀಸನ್ನು ತೂಗುಹಾಕಿದ್ದು ಒಂದು ಮೊಳೆಗೇ.

ವರ್ಷಕ್ಕೆ ಎರಡು ಸಲ ದೊರೆ ಬಂದು, ಬೂಟು ಬಿಚ್ಚದೆ ಒಳಗೆ ನಡೆದು, ಗೋಡೆಗಳನ್ನು ಒಂದೊಂದಾಗಿ ನೋಡಿ ಹೋಗುತ್ತಿದ್ದ. ನಾವು ನಾಲ್ಕನೆಯ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಆ ಗೋಡೆ ನೋಡಬೇಕಾದಾಗ ನಮಗೆ ಪಕ್ಕಕ್ಕೆ ಸರಿಯಲು ಹೇಳುತ್ತಿದ್ದ.

ಅಮ್ಮನ ಹತ್ತಿರ ಅವಳ ಅಮ್ಮನ ಫೋಟೋ ಒಂದಿತ್ತು. ಹಾಸನದ ಸ್ಟುಡಿಯೋದಲ್ಲಿ ತೆಗೆಸಿದ್ದು. ನನ್ನ ಆ ಅಜ್ಜಿ ಜೀವಮಾನದಲ್ಲಿ ತೆಗೆಸಿಕೊಂಡದ್ದು ಅದೊಂದೇ: ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ಈ ಫೋಟೋಕ್ಕೆ ಕ್ವಾರ್ಟರ್ಸಿನಲ್ಲಿ ಜಾಗವಿರಲಿಲ್ಲ. ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟರೆ ಜಾರಿ ಬಿದ್ದು ಗಾಜು ಬಿರುಕು ಬಿಟ್ಟಿತು. ಒಮ್ಮೆ ಅಮ್ಮ ಧೈರ್ಯ ಮಾಡಿ ನೋಟೀಸನ್ನು ಕೆಳಗಿಳಿಸಿ, ಅದೇ ಮೊಳೆಗೆ ಅಜ್ಜಿಯನ್ನು ತೂಗುಹಾಕಿದಳು. ಹೊಸ ಮೊಳೆಯನ್ನಂತೂ ಹೊಡೆಯಲಿಲ್ಲವಲ್ಲ ಎನ್ನುವುದು ಅವಳ ವಾದ. ದೊರೆ ಬಂದ ದಿನ ಅದನ್ನು ನೋಡಿ ಅಪ್ಪನಿಗೆ ಏನೋ ಅಂದ. ಅಪ್ಪ ಒಳಗೆ ಬಂದು ಅಮ್ಮನಿಗೆ ಏನೋ ಅಂದರು. ಅಜ್ಜಿ ಟ್ರಂಕಿಗೆ ಹೋದಳು, ನೋಟೀಸು ಗೋಡೆಗೆ ಬಂತು. ಆಮೇಲೆ ಅಮ್ಮ ನಮ್ಮದೇ ಒಂದು ಮನೆ ಬೇಕು ಎಂದಾಗಲೆಲ್ಲ ಅವಳ ಕಣ್ಣು ಆ ನೋಟೀಸಿನ ಮೇಲಿರುತ್ತಿತ್ತು.

ಅಷ್ಟರಲ್ಲಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೋಗುತ್ತಾನೆಂದು ಸುದ್ದಿ ಬಂತು. ಹೊಸ ಮಾಲೀಕ ತನ್ನದೇ ರೈಟರನ್ನು ತರುತ್ತಾನೆಂದೂ, ಮಳೆಗಾಲದೊಳಗೆ ನಾವು ಕ್ವಾರ್ಟರ್ಸ್ ಬಿಡಬೇಕೆಂದೂ ತಿಳಿಯಿತು. ಆಗ ಮನೆ ಹುಡುಕಿದ್ದು ಅಮ್ಮ. ಮಾದಾಪುರದ ಅಂಗಡಿಸಾಲಿನಲ್ಲಿ ನಿಂಬೆಹಣ್ಣು ಮಾರಲು ಕೂರುತ್ತಿದ್ದ, ಅರೆಭಾಷೆ ಆಡುವ, 'ಇದೆ' ಎನ್ನಲು 'ಉಟ್ಟು' ಎನ್ನುವ ಒಬ್ಬ ಮುದುಕಿಯೊಡನೆ ಅವಳಿಗೆ ಸ್ನೇಹವಾಗಿತ್ತು. ಗಂಡನಿಲ್ಲದ ಆಕೆ ಮನೆ ಮಾರಿ ಸುಳ್ಯದ ಕಡೆ ಮಗಳ ಹತ್ತಿರ ಹೋಗಬೇಕೆಂದಿದ್ದಳು. ಹೆಂಚಿನ ಮನೆ, ಮೂರು ಕೋಣೆ, ಒಂದು ಅಡುಗೆಮನೆ, ಹಿಂದೆ ದನದ ಹಟ್ಟಿ. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದು. ಅಮ್ಮ ಅವತ್ತು ಮನೆಗೆ ಬಂದವಳು ಚೀಲವನ್ನೂ ಕೆಳಗಿಡದೆ ಅಪ್ಪನಿಗೆ ಹೇಳಿದಳು.

"ಅಣ್ಣ ಒಂದ್ಸಲ ನೋಡ್ಲಿ," ಎಂದರು ಅಪ್ಪ.

ಅಮ್ಮ ಚೀಲವನ್ನು ಕೆಳಗಿಟ್ಟಳು.

ಕಾಫಿ ಹೂ ಬಿಟ್ಟ ವಾರ ದೊಡ್ಡಪ್ಪ ಬಂದರು. ಜೊತೆಗೆ ಅವರ ಹಗ್ಗವೂ ಬಂತು. ಮೊಳಕ್ಕೊಂದು ಗಂಟು ಹಾಕಿದ್ದ ಆ ಹಗ್ಗ ಅವರ ಹೆಗಲ ಮೇಲಿದ್ದರೆ ಪಶು ಕೊಳ್ಳಲು ಬಂದವರೋ ಎಂದು ಜನ ದಾರಿಯಲ್ಲಿ ವಿಚಾರಿಸುತ್ತಿದ್ದರು. ಮರ ನೋಡಲು ಒಬ್ಬ ಮಲಯಾಳಿ ಆಚಾರಿಯನ್ನು ಕರೆಸಿದ್ದಾಯಿತು. ಅಮ್ಮನನ್ನು ಕರೆದದ್ದು ಇವರಿಗೆಲ್ಲ ಕಾಫಿ ಮಾಡಿಕೊಡಲು. ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೊರಟೆ.

ದೊಡ್ಡಪ್ಪ ಮೊದಲು ಮನೆಯ 'ಆಯ' ನೋಡಿದರು. ಉದ್ದ ಅಗಲ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದರಲ್ಲಿ ಮನೆಯ ಹಣೆಬರಹ ಓದುವ ವಿದ್ಯೆ ಅದು. ನಾಲ್ಕು ಉಳಿಯಿತು. ನಾಲ್ಕೆಂದರೆ ನಾಯಿಯ ಆಯ, ಕೆಟ್ಟದ್ದು. ಜಗಲಿಯಲ್ಲಿ ಮಲಗಿದ್ದ ನಿಂಬೆಹಣ್ಣಿನ ಅಜ್ಜಿಯ ನಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಹಗ್ಗ ಸಡಿಲವಾಗಿತ್ತೆಂದು ದೊಡ್ಡಪ್ಪ ಬಿಗಿಯಾಗಿ ಎಳೆದು ಮತ್ತೆ ಅಳೆದರು. ಆರು ಉಳಿಯಿತು, ಕತ್ತೆಯ ಆಯ. ಗೋಡೆಯ ಹೊರಮೈ ಬಿಟ್ಟು ಒಳಮೈಯಿಂದ ಅಳೆದರು, ಏಳು ಉಳಿಯಿತು. ಏಳು ಆನೆಯ ಆಯ, ಬಹಳ ಶುಭ. ಗೋಡೆ ಒಂದಿಷ್ಟೂ ಅಲ್ಲಾಡದೆ ನಿಂತಿದ್ದ ಹಾಗೆಯೇ ಮನೆ ನಾಯಿಯಿಂದ ಕತ್ತೆಯಾಗಿ ಆನೆಯಾಯಿತು.

"ಈ ಮನೇಲಿ ಆನೆ ಐತೆ ಕಣಜ್ಜಿ," ಎಂದು ದೊಡ್ಡಪ್ಪ ಉದಾರವಾಗಿ ಹೇಳಿದರು.

"ಹೋದ ವರ್ಷ ಬಂದುಟ್ಟು," ಎಂದಳು ಅಜ್ಜಿ. "ಬಾಳೆ ಎಲ್ಲ ತಿಂದ್ ಹೋಗುಟ್ಟು."

ಆಚಾರಿ ಬಾಗಿಲಿನ ದಾರಂದಕ್ಕೆ ಉಳಿಯ ಹಿಡಿಯಿಂದ ಕುಟ್ಟಿ, ಕಿವಿ ಇಟ್ಟು ಕೇಳಿ, ಮುಖ ಕಿವುಚಿದ. "ಇದು ಯಾರು ಮಾಡಿದ್ದು? ಉಳಿ ಹಿಡೀಲಿಕ್ಕೆ ಗೊತ್ತಿಲ್ಲದವನು."

"ನಿನ್ನ ಅಪ್ಪನೇ ಮಾಡ್ದ್," ಎಂದಳು ಅಜ್ಜಿ.

ಆಚಾರಿ ಇನ್ನೊಮ್ಮೆ ಕುಟ್ಟಿದ. ಈ ಸಲ ಮರ ಬೇರೆಯೇ ಶಬ್ದ ಮಾಡಿರಬೇಕು. "ಹಲಸು. ನೂರು ವರ್ಷ ಏನೂ ಆಗೂದಿಲ್ಲ," ಎಂದು ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ ನೆರಳಿಗೆ ಹೋದ.

ಅಡುಗೆಮನೆಯಲ್ಲಿ ಆದದ್ದನ್ನು ನೋಡಿದವರು ಅಜ್ಜಿ ಮತ್ತು ನಾನು ಮಾತ್ರ. ಅಮ್ಮ ಕಾಫಿಗೆ ನೀರಿಟ್ಟಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಒಂದು ಮೊಳೆ, ಎರಡು ಇಂಚಿನದು, ಸ್ವಲ್ಪ ತುಕ್ಕು ಹಿಡಿದದ್ದು. ಸುತ್ತ ನೋಡಿ ಒರಳಿನ ಪಕ್ಕದಲ್ಲಿದ್ದ ಗುಂಡುಕಲ್ಲು ಎತ್ತಿಕೊಂಡು, ಕಿಟಕಿಯ ಪಕ್ಕದ ಗೋಡೆಗೆ, ತನ್ನ ಕಣ್ಣಿನ ಎತ್ತರಕ್ಕೆ, ನಾಲ್ಕೇಟು ಹೊಡೆದಳು. ಮಣ್ಣು ಉದುರಲಿಲ್ಲ. ಎರಡೂ ಕೈಯಿಂದ ಮೊಳೆ ಹಿಡಿದು ಜಗ್ಗಿದಳು. ಬರಲಿಲ್ಲ. ಅಲ್ಲಿಗೆ ಅಮ್ಮನ ಪರೀಕ್ಷೆ ಮುಗಿಯಿತು. ನೀರು ಇನ್ನೂ ಕುದಿದಿರಲಿಲ್ಲ.

ಬಾಗಿಲಲ್ಲಿ ಅಜ್ಜಿಯನ್ನು ಕಂಡು ಅಮ್ಮ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೆಂಪಾದಳು. "ಕೇಳದೆ ಹೊಡ್ದುಬಿಟ್ಟೆ," ಎಂದಳು.

"ಎಂತ ತೂಗ್ಸಿಕೆ?"

"ನಮ್ಮಮ್ಮನ ಫೋಟೋ."

ಅಜ್ಜಿ ಬಂದು ತಾನೂ ಒಂದು ಸಲ ಮೊಳೆ ಜಗ್ಗಿ ನೋಡಿದಳು. "ಗಟ್ಟಿ ಉಟ್ಟು," ಎಂದಳು. "ಆ ಮೂಲೆಲಿ ಮಾತ್ರ ಕಾಲ್ ಇಡ್ಬೇಡ. ಹೆಗ್ಗಣ ತೋಡಿ ಟೊಳ್ಳು ಮಾಡಿಟ್ಟುಟ್ಟು. ಮಳೆಗೆ ಮುಂಚೆ ಮುಚ್ಚೊಕು." ಮನೆ ಮಾರುವವಳೇ ಮನೆಯ ಒಂದೇ ಒಂದು ಊನವನ್ನು ತೋರಿಸಿ ಹೇಳಿದಳು. ಕೇಳಿದ್ದು ಹೆಂಗಸರು, ಹಾಗಾಗಿ ಅದು ಪರೀಕ್ಷೆಯ ಲೆಕ್ಕಕ್ಕೆ ಬರಲಿಲ್ಲ.

ಕಾಫಿ ಕುಡಿದರೆ ದೊಡ್ಡಪ್ಪ ಹೊರಡುತ್ತಾರೆ, ಆನೆಯ ಆಯ ಬಂದಿದೆ, ಹಲಸಿನ ಮರ ಇದೆ, ಇವತ್ತು ಬೇಡವೆನ್ನಲು ಅವರ ಹತ್ತಿರ ಏನೂ ಉಳಿದಿಲ್ಲ ಎಂದು ನಾನು ಎಣಿಸಿದ್ದೆ. ದೊಡ್ಡಪ್ಪನನ್ನು ಕಡಿಮೆ ಎಣಿಸಿದ್ದೆ.

"ಎಲ್ಲಾ ಸರಿ," ಎಂದರು ಲೋಟ ಕೆಳಗಿಡುತ್ತ. "ಗೃಹಪ್ರವೇಶದ ದಿವ್ಸ ಹಸ ಒಳಗೆ ಕಾಲಿಡ್ಲಿಲ್ಲ ಅಂದ್ರೆ ಏನ್ಲಾ ಮಾಡ್ತೀಯ? ಆಗ ಮನೆ ವಾಪಸ್ ತಗೋತಾರಾ? ಈಗ್ಲೇ ನುಗ್ಗಿಸಿ ನೋಡಾದು ವಾಸಿ."

ಹೊಸ ಮನೆಗೆ ಮೊದಲು ಹಸುವನ್ನು ಹೊಗಿಸುವುದು ನಮ್ಮ ಪದ್ಧತಿ. ಆದರೆ ಪದ್ಧತಿಗೆ ಮುಂಚೆ ಪದ್ಧತಿಯದೇ ಪರೀಕ್ಷೆ ನಡೆಸಬೇಕೆನ್ನುವುದು ಹಾಸನ, ಮೈಸೂರು, ಕೊಡಗು ಮೂರರಲ್ಲೂ ನಮ್ಮ ದೊಡ್ಡಪ್ಪನಿಗೊಬ್ಬರಿಗೇ ಹೊಳೆದದ್ದು. ಅಪ್ಪ ತಲೆಯಾಡಿಸಿದರು. ಅಣ್ಣ ಹೇಳಿದ್ದಕ್ಕೆ ತಲೆಯಾಡಿಸುವುದು ಅವರಿಗೆ ಹಾಜರಿ ಬರೆದಷ್ಟೇ ರೂಢಿಯಾಗಿತ್ತು.

ಅಜ್ಜಿ ತನ್ನ ಹಟ್ಟಿಯ ಹಸುವನ್ನೇ ಬಿಚ್ಚಿಕೊಡುತ್ತೇನೆಂದಳು. ದೊಡ್ಡಪ್ಪ ಒಪ್ಪಲಿಲ್ಲ. ಅದು ಮಾರುವವರ ಹಸು, ಮಾರುವವರ ಪರವಾಗಿಯೇ ನಡೆದುಕೊಳ್ಳುತ್ತದೆ. ಎರಡು ಕಡೆಗೂ ಸೇರದ ಹಸು ಬೇಕು. ಕೊನೆಗೆ ರಸ್ತೆ ತಿರುವಿನಲ್ಲಿ ಚಹಾ ಅಂಗಡಿ ಇಟ್ಟಿದ್ದ ಮಲಯಾಳಿ ಮಾಪಿಳ್ಳೆ ಕಾಕನ ಹಸು ಸಿಕ್ಕಿತು. ಕಾಕ ಹಗ್ಗ ಹಿಡಿದು ನಗು ತಡೆದುಕೊಂಡೇ ಬಂದ.

"ಎಂದಾ ಸಾಮಿ, ಪಶು ಮನೆ ನೋಡ್ಲಿಕ್ಕಾ? ನೋಡ್ಲಿ, ನೋಡ್ಲಿ. ನಾಲ್ಕು ಗಂಟೆಗೆ ಹಾಲು ಕರೀಲಿಕ್ಕೆ ವಾಪಸ್ ಬೇಕು, ಕೇಟೋ."

ಈ ಹೊತ್ತಿಗೆ ಬೇಲಿಯ ಬಳಿ ಜನ ಸೇರಿದ್ದರು. ಅವರಲ್ಲಿ ಅಜ್ಜಿಯ ಮೈದುನನ ಮಗನೂ ಇದ್ದ. ಪಕ್ಕದ ಜಾಗದವನು, ಆಸ್ತಿಯಲ್ಲಿ ಪಾಲುದಾರನಾದ್ದರಿಂದ ಅವನು ಸಹಿ ಹಾಕದೆ ಮನೆ ಮಾರುವಂತಿರಲಿಲ್ಲ. ಅಲ್ಲಿಯವರೆಗೆ ಅವನಿಗೆ ಆ ಮನೆಯಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಸಹಿ ಹಾಕುತ್ತೇನೆಂದು ಮಾತು ಕೊಟ್ಟಿದ್ದ.

ಹಸು ಹೊಸ್ತಿಲು ಮೂಸಿ, ಒಳಗೆ ಹೋಯಿತು. ದೊಡ್ಡಪ್ಪನ ಮುಖ ಅರಳಿತು. ನಡುಮನೆಯಲ್ಲಿ ನಿಂತು ಸಗಣಿ ಹಾಕಿತು. ಮುಖ ಇನ್ನೂ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಈ ಕತೆ ಬರೆಯಬೇಕಾಗಿರಲಿಲ್ಲ. ಆದರೆ ಹಸುವಿಗೆ ಅಡುಗೆಮನೆಯಿಂದ ಅಕ್ಕಿ ತೊಳೆದ ನೀರಿನ ವಾಸನೆ ಬಂತು. ಅದು ನೇರ ಅಲ್ಲಿಗೇ ನಡೆದು, ಅಮ್ಮ ಅಡ್ಡ ಬರುವಷ್ಟರಲ್ಲಿ ಆ ಮೂಲೆಗೇ ಹೋಗಿ, ಮುಂಗಾಲು ಮಂಡಿಯವರೆಗೆ ನೆಲದೊಳಗೆ ಇಳಿಸಿ ನಿಂತಿತು.

ಕಾಕ "ಯಾ ರಬ್ಬೇ" ಎಂದು ಓಡಿ ಬಂದ. ನಾಲ್ಕು ಜನ ಸೇರಿ ಹಸುವನ್ನು ಎತ್ತಿದರು. ಅದರ ಕಾಲಿಗೆ ಏನೂ ಆಗಿರಲಿಲ್ಲ. ಅಷ್ಟೆಲ್ಲದರ ನಡುವೆಯೂ ಅದು ಅಕ್ಕಿ ತೊಳೆದ ನೀರಿನ ಬಕೆಟ್ ಖಾಲಿ ಮಾಡಿತ್ತು.

ದೊಡ್ಡಪ್ಪ ಆ ಗುಂಡಿಯ ಮುಂದೆ ಮಂಡಿಯೂರಿ, ಒಂದು ಕಲ್ಲು ಹಾಕಿ, ಶಬ್ದ ಕೇಳಿದರು. ಕೋಲು ಬಿಟ್ಟು ನೋಡಿದರು. ಕೋಲು ಇಳಿಯಿತು. ಅವರ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ಕಳೆ ಬಂತು. ಅಪ್ಪನ ಕಿವಿ ಹತ್ತಿರಕ್ಕೆಳೆದುಕೊಂಡು ಗುಟ್ಟು ಹೇಳಿದರು. ದೊಡ್ಡಪ್ಪನಿಗೆ ಕಿವಿ ಮಂದ ಎಂದು ಮೊದಲೇ ಹೇಳಬೇಕಿತ್ತು, ಮರೆತೆ. ತಮಗೆ ಕೇಳಿಸುವಷ್ಟು ಮೆಲ್ಲಗೆ ಅವರು ಗುಟ್ಟು ಹೇಳಿದರೆ ಅದು ಬೇಲಿಯಾಚೆಗೂ ಕೇಳಿಸುತ್ತಿತ್ತು.

"ಬಾಯ್ ಮುಚ್ಕೊಂಡು ತಗೊಂಬುಡು ಕಣ್ಲಾ! ಗೋಮಾತೆ ಜಾಗ ತೋರ್ಸವ್ಳೆ. ಕೆಳ್ಗಡೆ ರಾಜರ ಕಾಲದ್ ನಿಧಿ ಐತೆ!"

ಜೀವಮಾನದಲ್ಲಿ ಮೊದಲ ಬಾರಿಗೆ ದೊಡ್ಡಪ್ಪ ಒಂದು ಮನೆಯನ್ನು ಕೊಳ್ಳು ಎಂದಿದ್ದರು. ಅದನ್ನು ಮಾದಾಪುರದ ಅರ್ಧ ಊರು ಕೇಳಿಸಿಕೊಂಡಿತು.

"ನಿಧಿ ಅಲ್ಲ ಮಾರಾಯ, ಹೆಗ್ಗಣ," ಎಂದು ಅಜ್ಜಿ ಎರಡು ಸಲ ಹೇಳಿದಳು. ಅಮ್ಮನೂ ಬಾಗಿಲ ಮರೆಯಿಂದ ಅಪ್ಪನಿಗೆ ಹೇಳಿದಳು. ಐವತ್ತು ವರ್ಷ ಆ ನೆಲವನ್ನು ಸಾರಿಸಿದವಳಿಗಿಂತ ಐದು ನಿಮಿಷ ನೆಲದ ಮೇಲೆ ನಿಂತ ಹಸುವಿಗೆ ಹೆಚ್ಚು ಗೊತ್ತೆಂದು ಗಂಡಸರೆಲ್ಲ ಒಪ್ಪಿಯಾಗಿತ್ತು. ಮೈದುನನ ಮಗ ನಿಧಾನವಾಗಿ ಬೇಲಿ ದಾಟಿ ಒಳಗೆ ಬಂದ, ಗುಂಡಿ ನೋಡಿದ, ದೊಡ್ಡಪ್ಪನನ್ನು ನೋಡಿದ.

"ಮನೆ ಈಗ ಕೊಡುದು ಇಲ್ಲೆ," ಎಂದ.

ಕ್ವಾರ್ಟರ್ಸಿಗೆ ಬಂದು ಕೈಕಾಲು ತೊಳೆದ ಮೇಲೆ ದೊಡ್ಡಪ್ಪನಿಗೆ ಜ್ಞಾನೋದಯವಾಯಿತು. "ಒಳ್ಳೇದೇ ಆಯ್ತು ಬುಡು. ನೆಲ ಟೊಳ್ಳಿರೋ ಮನೆ ಕಟ್ಕೊಂಡು ಏನ್ಮಾಡ್ತಿದ್ದೆ?" ಎಂದರು. ಅಮ್ಮ ಅವರಿಗೆ ಮುದ್ದೆ ಬಡಿಸಿದಳು. ಅವತ್ತಿನ ಮುದ್ದೆಯಲ್ಲಿ ಗಂಟುಗಳಿದ್ದವು. ಅಮ್ಮನ ಮುದ್ದೆಯಲ್ಲಿ ಎಂದೂ ಗಂಟಿರುತ್ತಿರಲಿಲ್ಲ. ನನಗೆ ದೊಡ್ಡಪ್ಪನ ಮೇಲಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ತಲೆಯಾಡಿಸಿದ ಅಪ್ಪನ ಮೇಲೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇದೆ.

ಮೈದುನನ ಮಗ ಮೂರು ವಾರ ಅಗೆದ. ಹೆಗ್ಗಣದ ಮರಿಗಳು, ಒಂದು ಬುಟ್ಟಿ ಭತ್ತದ ಹೊಟ್ಟು, ಅಜ್ಜಿ ಎಂದೋ ಕಳೆದುಕೊಂಡಿದ್ದ ಹಿತ್ತಾಳೆ ಸೌಟು ಸಿಕ್ಕಿದವು. ಸೌಟು ಸಿಕ್ಕಿದ್ದಕ್ಕೆ ಅಜ್ಜಿಗೆ ಸಂತೋಷವಾಯಿತಂತೆ. ನಿಧಿ ಇರಲಿಲ್ಲವೆಂದು ಅವನು ಒಪ್ಪಲಿಲ್ಲ. ನಿಧಿಗೆ ಕಾಲಿರುತ್ತದೆ, ಅಗೆದ ಕಡೆಯಿಂದ ಸರಿಯುತ್ತದೆ, ಮತ್ತೆ ಬರುತ್ತದೆ. ಆದ್ದರಿಂದ ಮನೆ ಮಾರುವ ಮಾತೇ ಇಲ್ಲ. ಅಜ್ಜಿ ಸುಳ್ಯಕ್ಕೂ ಹೋಗಲಾಗದೆ, ಅಗೆದ ಅಡುಗೆಮನೆಯಲ್ಲೇ ಉಳಿದಳು.

ನಾವು ಹೊರಡುವ ಮುಂಚೆ ಅಮ್ಮ ನನ್ನನ್ನು ಕರೆದುಕೊಂಡು ಅವಳನ್ನು ನೋಡಲು ಹೋದಳು. ಅಪ್ಪನಿಗೆ ನೆಲ್ಯಹುದಿಕೇರಿಯ ಕಡೆ ಬೇರೊಂದು ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತ್ತು, ಕ್ವಾರ್ಟರ್ಸ್ ಸಮೇತ. ಅಜ್ಜಿ ಮಣ್ಣಿನ ರಾಶಿ ದಾಟಿಸಿ ನಮ್ಮನ್ನು ಒಳಗೆ ಕೂರಿಸಿದಳು. ನೆಲವೆಲ್ಲ ಹೊಂಡ. ಕಿಟಕಿಯ ಪಕ್ಕದ ಗೋಡೆಯಲ್ಲಿ ಮೊಳೆ ಹಾಗೇ ಇತ್ತು.

"ಫೋಟೋ ಎಲ್ಲಿಟ್ಟೆ?" ಎಂದು ಕೇಳಿದಳು.

"ಟ್ರಂಕಲ್ಲಿ. ಹೊಸ ಕ್ವಾರ್ಟರ್ಸಲ್ಲಿ ಹೆಂಗೋ ಏನೋ."

"ತಾ. ಇಲ್ಲಿ ತೂಗ್ಸು. ನಿಂಗೆ ಮನೆ ಆದ ಮೇಲೆ ಬಂದ್ ತಕ್ಕಂಡ್ ಹೋಗ್. ನಾನ್ ಒಂಟಿ, ನಂಗೂ ಒಂದ್ ಜೊತೆ."

ಅಮ್ಮ ನೋಡೋಣವೆಂದು ಹೇಳಿ ಎದ್ದಳು. ಮಾರನೆಯ ದಿನ ಟ್ರಂಕಿನಿಂದ ಫೋಟೋ ತೆಗೆದಾಗ ಕಟ್ಟಿನ ಒಳಗೆ ಬಿಳಿ ಬೂಷ್ಟು ಹಿಡಿಯತೊಡಗಿತ್ತು. "ಮತ್ತೆ ಟ್ರಂಕಿಗೆ ಹಾಕೋದು ಬೇಡ. ಅವಳಿಗೆ ಒಂಚೂರು ಗಾಳಿ ಆಡ್ಲಿ," ಎಂದು ತೆಗೆದುಕೊಂಡು ಹೋಗಿ, ಆ ಮೊಳೆಗೆ ತೂಗುಹಾಕಿ, ಬಿರುಕು ಬಿಟ್ಟ ಗಾಜನ್ನು ಸೆರಗಿನಿಂದ ಒರೆಸಿ ಬಂದಳು. ಬರುವಾಗ ಹಿಂದಿರುಗಿ ನೋಡಲಿಲ್ಲ. ನಾನು ನೋಡಿದೆ. ಅಜ್ಜಿ ದಾಸವಾಳದ ಹೂವೊಂದನ್ನು ಕಟ್ಟಿನ ಮೇಲೆ ಸಿಕ್ಕಿಸುತ್ತಿದ್ದಳು.

ನೆಲ್ಯಹುದಿಕೇರಿಯ ಕ್ವಾರ್ಟರ್ಸಿನಲ್ಲೂ ಅದೇ ನೋಟೀಸು, ಅದೇ ಜಾಗದಲ್ಲಿ, ಅದೇ ಮೊಳೆಗೆ. ಈ ಸಲ ಕನ್ನಡದಲ್ಲಿತ್ತು. ಸ್ವಾತಂತ್ರ್ಯ ಬಂದದ್ದು ನಮ್ಮ ಮನೆಗೆ ಹಾಗೆ ತಿಳಿಯಿತು.

ಆಮೇಲೂ ದೊಡ್ಡಪ್ಪ ನಮಗಾಗಿ ಮನೆಗಳನ್ನು ನೋಡುತ್ತಲೇ ಬಂದರು. ಒಂದರ ಬಾವಿ ಎಡಕ್ಕಿತ್ತು. ಇನ್ನೊಂದರ ಎದುರಿಗೆ ಕಳ್ಳಿನಂಗಡಿ ಇತ್ತು, ಮತ್ತೊಂದರ ಯಜಮಾನ ಬಾಯಿಬಿಟ್ಟು ನಗಲಿಲ್ಲ. ಅಷ್ಟರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿಹೋಯಿತು. ಅದಕ್ಕೆ ಮೊದಲು ಯಾರಾದರೂ ಹಗ್ಗ ಹಿಡಿದು ಅಳೆದು ನೋಡಿದ್ದರೋ ಇಲ್ಲವೋ ತಿಳಿಯದು. ಅಮ್ಮ ಮನೆಯ ವಿಷಯ ಎತ್ತುವುದನ್ನು ಬಿಟ್ಟಳು. ಮಾದಾಪುರದ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ಮಾತ್ರ, ಫೋಟೋ ಏನಾಯಿತೋ ಎಂದು ಒಂದು ಸಲ ಕೇಳಿದಳು.

ನಾನು ಓದು ಮುಗಿಸಿ ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಒಂದು ಸಲ ಮಾದಾಪುರಕ್ಕೆ ಹೋಗಬೇಕಾಗಿ ಬಂತು. ಆ ಮನೆಗೆ ಹೋದೆ. ಮೈದುನನ ಮಗನೂ ತೀರಿಕೊಂಡಿದ್ದ. ಅವನ ಸೊಸೆ, ನನ್ನ ವಯಸ್ಸಿನವಳು, ನೀರು ಕೊಟ್ಟು ಕೂರಿಸಿದಳು. ಅಡುಗೆಮನೆಗೆ ಈಗ ಸಿಮೆಂಟಿನ ನೆಲ. ಕಿಟಕಿಯ ಪಕ್ಕದಲ್ಲಿ, ಕುರ್ಚಿಯ ತುದಿಯಲ್ಲಿ ಕೂತು, ನನ್ನ ಅಜ್ಜಿ. ಹೊಸ ಗಾಜು, ಹಣೆಗೆ ಗಾಜಿನ ಮೇಲೆ ಕುಂಕುಮ, ಕೆಳಗೆ ಒಂದು ದೀಪ.

"ಇವರು ಯಾರು?" ಎಂದು ಕೇಳಿದೆ.

"ನಮ್ಮ ಮನೆ ಹಿರಿಯಜ್ಜಿ," ಎಂದಳು ಕೈಮುಗಿದು. "ಈ ಮನೆಲಿ ನಿಧಿ ಉಟ್ಟು. ಈ ಅಜ್ಜಿನೇ ಅದ್ರ ಕಾಯ್ದು. ವರ್ಷಕ್ಕೆ ಒಂದ್ಸಲ ಎಡೆ ಹಾಕಿವೆ."

ನನ್ನ ಅಜ್ಜಿ ಕೊಡಗಿನ ಗಡಿಯೊಳಗೇ ಕಾಲಿಟ್ಟವಳಲ್ಲ. ಫೋಟೋ ನಮ್ಮದು ಎನ್ನಲು ಬಾಯಿ ತೆರೆದೆ. ಆಮೇಲೆ ನೀರು ಕುಡಿದೆ. ಹೊರಡುವ ಮುಂಚೆ, ಅವಳು ಹೂ ಕೊಟ್ಟಳೆಂದು, ನಾನೂ ಒಂದು ಹೂ ಇಟ್ಟು ಕೈಮುಗಿದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಕ್ವಾರ್ಟರ್ಸಿನ ಮೆಟ್ಟಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹಟ ಮಾಡಿ ತರಬೇಕಿತ್ತೇನೋ, ನಾಳೆಯೇ ಹೋಗಿ ತರುತ್ತೇನೆ ಎಂದೆ.

"ಮೊಳೆ ಅದೇನಾ?" ಎಂದಳು.

"ಅದೇ."

"ಅಲ್ಲಾಡ್ತಿತ್ತಾ?"

"ಇಲ್ಲಮ್ಮ."

ಅವಳು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ತರೋದು ಬೇಡ ಬಿಡು. ಅವಳಿಗಾದ್ರೂ ಒಂದು ಮನೆ ಆಯ್ತು," ಎಂದು ಮೊರವನ್ನು ಬೆಳಕಿನ ಕಡೆ ತಿರುಗಿಸಿಕೊಂಡಳು.